ವ್ಯಾಯಾಮ ಮಾಡುವವರ ತಟ್ಟೆ: ಕೊಲೆಸ್ಟ್ರಾಲ್ ಮತ್ತು ಕಡಿಮೆ ಕೊಬ್ಬಿನ ಮಾಂಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಭಾರ ಎತ್ತುವವರು, ಓಡುವವರು, ಸೈಕಲ್ ತುಳಿಯುವವರು ಊಟದ ಲೆಕ್ಕದಲ್ಲಿ ಗಟ್ಟಿಗರು. ಯಾವುದರಲ್ಲಿ ಎಷ್ಟು ಪ್ರೋಟೀನ್, ಎಷ್ಟು ಕ್ಯಾಲೊರಿ ಎಂಬುದು ಅವರಿಗೆ ಬಾಯಿಪಾಠ. ಕೊಲೆಸ್ಟ್ರಾಲ್ ಎಂಬ ಪದ ಬಂದಾಗ ಮಾತ್ರ ಲೆಕ್ಕ ತಪ್ಪುತ್ತದೆ. ಎಣಿಸಬೇಕಾದ್ದನ್ನು ಬಿಟ್ಟು ಬೇರೇನನ್ನೋ ಎಣಿಸತೊಡಗುತ್ತಾರೆ. ಕೆಳಗಿನ ಉತ್ತರಗಳನ್ನು ಆರೋಗ್ಯವಂತ ವಯಸ್ಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಹೃದ್ರೋಗ, ಮಧುಮೇಹ, ಮೂತ್ರಪಿಂಡದ ತೊಂದರೆ ಇರುವವರಿಗೆ ಅವರ ವೈದ್ಯರ ಮಾತೇ ಮೊದಲು.

ಕಡಿಮೆ ಕೊಬ್ಬಿನ ಮಾಂಸದಲ್ಲಿ ಕೊಲೆಸ್ಟ್ರಾಲ್ ಕೂಡ ಕಡಿಮೆ ಇರುತ್ತದೆ, ಅಲ್ಲವೇ?

ಇಲ್ಲ. ಈ ವಿಷಯದಲ್ಲಿ ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ಇದನ್ನೇ ಮೊದಲು ಇಟ್ಟಿದ್ದೇನೆ.

ಕೊಲೆಸ್ಟ್ರಾಲ್ ಇರುವುದು ಮುಖ್ಯವಾಗಿ ಜೀವಕೋಶಗಳ ಪೊರೆಯಲ್ಲಿ. ಸ್ನಾಯುವಿನ ಪ್ರತಿ ಕೋಶಕ್ಕೂ ಪೊರೆ ಇದೆ, ಹಾಗಾಗಿ ಕೊಬ್ಬಿನ ಲೇಶವೂ ಕಾಣದ ಕೆಂಪು ತುಂಡಿನಲ್ಲೂ ಅದು ಇದ್ದೇ ಇರುತ್ತದೆ. ಚರ್ಮ ತೆಗೆದು ಬೇಯಿಸಿದ ಕೋಳಿಯ ಎದೆ ಮಾಂಸದ 100 ಗ್ರಾಂನಲ್ಲಿ ಸುಮಾರು 85 ಮಿಲಿಗ್ರಾಂ ಕೊಲೆಸ್ಟ್ರಾಲ್ ಇದೆ. ಅದೇ ಎದೆ ಮಾಂಸವನ್ನು ಚರ್ಮದ ಸಮೇತ ಬೇಯಿಸಿದರೆ? ಸುಮಾರು 84. ವ್ಯತ್ಯಾಸವೇ ಇಲ್ಲ ಎನ್ನಬಹುದು. ಆದರೆ ಕೊಬ್ಬಿನ ಅಂಕಿ ನೋಡಿ: ಚರ್ಮವಿದ್ದಾಗ 8 ಗ್ರಾಂನ ಹತ್ತಿರ, ಚರ್ಮ ಹೋದಾಗ ಮೂರೂವರೆ. ಅಂದರೆ ಚರ್ಮ ಸುಲಿದಾಗ ನೀವು ತೆಗೆದದ್ದು ಕೊಬ್ಬನ್ನು. ಕೊಲೆಸ್ಟ್ರಾಲ್ ಇದ್ದಲ್ಲೇ ಇದೆ.

ಹಾಗಿದ್ದರೆ ಇಷ್ಟು ಕಷ್ಟಪಟ್ಟು ಕೊಬ್ಬು ತೆಗೆದು ತಿನ್ನುವುದರಿಂದ ಬಂದ ಲಾಭವೇನು?

ಲಾಭ ಖಂಡಿತ ಇದೆ, ಆದರೆ ನೀವು ಅಂದುಕೊಂಡ ದಾರಿಯಲ್ಲಿ ಅಲ್ಲ. ರಕ್ತದಲ್ಲಿನ ಎಲ್‌ಡಿಎಲ್ ಅನ್ನು (ಜನ ‘ಕೆಟ್ಟ ಕೊಲೆಸ್ಟ್ರಾಲ್’ ಎನ್ನುವುದು ಇದನ್ನೇ) ಏರಿಸುವುದರಲ್ಲಿ ತಿಂದ ಕೊಲೆಸ್ಟ್ರಾಲ್‌ಗಿಂತ ಸ್ಯಾಚುರೇಟೆಡ್ ಕೊಬ್ಬಿನ (ಬೆಣ್ಣೆ, ತುಪ್ಪಗಳಲ್ಲಿರುವ, ತಣ್ಣಗಾದಾಗ ಗಟ್ಟಿಯಾಗುವ ಬಗೆಯ ಕೊಬ್ಬು) ಕೈವಾಡ ದೊಡ್ಡದು.

ಅದು ಹೇಗೆಂದರೆ, ಯಕೃತ್ತಿನ ಕೋಶಗಳ ಮೇಲೆ ಎಲ್‌ಡಿಎಲ್ ಕಣಗಳನ್ನು ರಕ್ತದಿಂದ ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳಿವೆ. ಇವನ್ನು ಪತ್ತೆ ಹಚ್ಚಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದಾಗ ಈ ಗ್ರಾಹಕಗಳ ಕೆಲಸ ತಗ್ಗುತ್ತದೆ. ಹಿಡಿಯುವ ಕೈಗಳು ಕಡಿಮೆಯಾದರೆ ಕಣಗಳು ರಕ್ತದಲ್ಲೇ ಹೆಚ್ಚು ಹೊತ್ತು ಸುತ್ತುತ್ತವೆ, ರಕ್ತನಾಳದ ಗೋಡೆಯೊಳಗೆ ನುಸುಳಲು ಅವಕ್ಕೆ ಹೆಚ್ಚು ಅವಕಾಶ ಸಿಗುತ್ತದೆ.

ಕೊಬ್ಬಿರುವ ಪ್ರಾಣಿಜನ್ಯ ಆಹಾರದಲ್ಲಿ ಸ್ಯಾಚುರೇಟೆಡ್ ಕೊಬ್ಬು ಮತ್ತು ಕೊಲೆಸ್ಟ್ರಾಲ್ ಸಾಮಾನ್ಯವಾಗಿ ಜೊತೆಯಾಗಿಯೇ ಬರುತ್ತವೆ. ಹೀಗಾಗಿ ಒಂದರ ತಪ್ಪಿಗೆ ಇನ್ನೊಂದನ್ನು ಹಿಡಿದು ದಂಡಿಸುವುದು ದಶಕಗಳ ಕಾಲ ನಡೆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಎಮ್ಮೆ, ಅಂದರೆ ತಿಂದ ಕೊಲೆಸ್ಟ್ರಾಲ್, ಪೂರ್ತಿ ನಿರಪರಾಧಿ ಎಂದಲ್ಲ. ಆ ಮಾತು ಮುಂದೆ ಬರುತ್ತದೆ.

ಕೊಲೆಸ್ಟ್ರಾಲ್ ಇಷ್ಟು ಕೆಟ್ಟದ್ದಾದರೆ ದೇಹದಲ್ಲಿ ಅದು ಯಾಕೆ ಇದೆ?

ಅದಿಲ್ಲದೆ ಪ್ರಾಣಿದೇಹ ಬದುಕುವುದಿಲ್ಲ. ಕೋಶದ ಪೊರೆಗೆ ಹದ ಕೊಡುವುದು, ಕೊಬ್ಬನ್ನು ಜೀರ್ಣಿಸುವ ಪಿತ್ತರಸಕ್ಕೆ ಕಚ್ಚಾ ಸಾಮಗ್ರಿಯಾಗುವುದು, ಟೆಸ್ಟೋಸ್ಟೆರಾನ್, ಈಸ್ಟ್ರೋಜನ್, ಕಾರ್ಟಿಸಾಲ್‌ನಂತಹ ಹಾರ್ಮೋನುಗಳಿಗೆ ಮೂಲವಾಗುವುದು ಇದೇ. ವಿಟಮಿನ್ ಡಿ ತಯಾರಾಗುವುದೂ ಇದೇ ಸಾಲಿನಲ್ಲಿ. ಮೊದಲು ಇದು ಸಿಕ್ಕಿದ್ದು ಪಿತ್ತಕೋಶದ ಕಲ್ಲುಗಳಲ್ಲಿ. ಹೆಸರೂ ಅಲ್ಲಿಂದಲೇ ಬಂದದ್ದು: ಗ್ರೀಕ್ ಭಾಷೆಯಲ್ಲಿ ‘ಕೋಲೆ’ ಎಂದರೆ ಪಿತ್ತ, ‘ಸ್ಟೆರಿಯೋಸ್’ ಎಂದರೆ ಗಟ್ಟಿಯಾದದ್ದು.

ದೇಹ ತನಗೆ ಬೇಕಾದ ಕೊಲೆಸ್ಟ್ರಾಲ್‌ನ ಬಹುಪಾಲನ್ನು ತಾನೇ ತಯಾರಿಸಿಕೊಳ್ಳುತ್ತದೆ. ಹಾಗಾಗಿ ಅದನ್ನು ಆಹಾರದಿಂದ ಪಡೆಯಲೇಬೇಕು ಎಂಬ ಅಗತ್ಯ ಯಾರಿಗೂ ಇಲ್ಲ. ಸಸ್ಯಾಹಾರವನ್ನಷ್ಟೇ ತಿಂದು ಬದುಕುವವರ ದೇಹದಲ್ಲೂ ಹಾರ್ಮೋನುಗಳು ಸರಿಯಾಗಿಯೇ ತಯಾರಾಗುತ್ತವೆ.

ತಿಂದ ಕೊಲೆಸ್ಟ್ರಾಲ್ ನೇರವಾಗಿ ರಕ್ತಕ್ಕೆ ಸೇರುತ್ತದೆಯೇ?

ನೇರವಾಗಿ ಅಲ್ಲ. ಕರುಳು ಸರಿಸುಮಾರು ಅರ್ಧದಷ್ಟನ್ನು ಹೀರಿಕೊಳ್ಳುತ್ತದೆ. ಈ ಪ್ರಮಾಣ ಒಬ್ಬರಿಂದ ಒಬ್ಬರಿಗೆ ಬಹಳ ಬದಲಾಗುತ್ತದೆ. ಹೊರಗಿನಿಂದ ಹೆಚ್ಚು ಬಂದರೆ ಯಕೃತ್ತು ತನ್ನ ತಯಾರಿಕೆಯನ್ನು ತಗ್ಗಿಸಿ ಸರಿದೂಗಿಸಲು ನೋಡುತ್ತದೆ. ಆದ್ದರಿಂದ ದಿನಕ್ಕೆ 100 ಮಿಲಿಗ್ರಾಂ ಹೆಚ್ಚು ಕೊಲೆಸ್ಟ್ರಾಲ್ ತಿಂದರೆ ರಕ್ತದ ಒಟ್ಟು ಕೊಲೆಸ್ಟ್ರಾಲ್ ಡೆಸಿಲೀಟರ್‌ಗೆ ಸರಾಸರಿ 2 ಮಿಲಿಗ್ರಾಂ ಆಸುಪಾಸು ಏರುತ್ತದೆ, ಅಷ್ಟೇ.

ಆದರೆ ಸರಾಸರಿ ಎಂಬುದು ಮೋಸಗಾರ ಪದ. ಕೆಲವರಲ್ಲಿ ಏರಿಕೆ ಕಾಣುವುದೇ ಇಲ್ಲ, ಇನ್ನು ಕೆಲವರಲ್ಲಿ ಎದ್ದು ಕಾಣುತ್ತದೆ. ಎರಡನೆಯ ಗುಂಪಿನವರನ್ನು ‘ಹೈಪರ್ ರೆಸ್ಪಾಂಡರ್’ ಎನ್ನುತ್ತಾರೆ. ಅವರಲ್ಲಿ ಎಲ್‌ಡಿಎಲ್ ಜೊತೆಗೆ ಎಚ್‌ಡಿಎಲ್ (ಜನ ‘ಒಳ್ಳೆಯ ಕೊಲೆಸ್ಟ್ರಾಲ್’ ಎನ್ನುವುದು) ಕೂಡ ಏರುತ್ತದೆ. ನೀವು ಯಾವ ಗುಂಪು ಎಂಬುದನ್ನು ಕನ್ನಡಿ ಹೇಳುವುದಿಲ್ಲ, ಜಿಮ್‌ನ ತರಬೇತುದಾರ ಹೇಳಲಾರ. ಆಹಾರ ಬದಲಿಸುವ ಮೊದಲು ಒಮ್ಮೆ, ಬದಲಿಸಿ ಆರರಿಂದ ಎಂಟು ವಾರಗಳ ನಂತರ ಇನ್ನೊಮ್ಮೆ ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ.

ದಿನಕ್ಕೆ 300 ಮಿಲಿಗ್ರಾಂ ಮೀರಬಾರದು ಎನ್ನುವ ನಿಯಮ ಈಗಲೂ ಇದೆಯೇ?

ಇದರ ಹಿಂದೆ ಒಂದು ಕಥೆಯಿದೆ. 1913ರಲ್ಲಿ ರಷ್ಯಾದ ವಿಜ್ಞಾನಿ ನಿಕೊಲಾಯ್ ಅನಿಚ್ಕೋವ್ ಮೊಲಗಳಿಗೆ ಎಣ್ಣೆಯಲ್ಲಿ ಕರಗಿಸಿದ ಕೊಲೆಸ್ಟ್ರಾಲ್ ತಿನ್ನಿಸಿದಾಗ ಅವುಗಳ ರಕ್ತನಾಳಗಳಲ್ಲಿ ಕೊಬ್ಬಿನ ಪದರ ಕಟ್ಟಿಕೊಂಡಿತು. ಮೊಲ ಹುಲ್ಲು ತಿನ್ನುವ ಪ್ರಾಣಿ. ಆಹಾರದಿಂದ ಬರುವ ಕೊಲೆಸ್ಟ್ರಾಲ್ ಅದರ ದೇಹಕ್ಕೆ ಪರಿಚಯವೇ ಇಲ್ಲದ ಅತಿಥಿ. ಮನುಷ್ಯನ ದೇಹ ಆ ಮಟ್ಟಿಗೆ ಬೇರೆ. ಆದರೂ ರಕ್ತದ ಕೊಲೆಸ್ಟ್ರಾಲ್‌ಗೂ ರಕ್ತನಾಳದ ರೋಗಕ್ಕೂ ನಂಟಿದೆ ಎಂಬ ಮೂಲ ಹೊಳಹು ಸರಿಯಾಗಿಯೇ ಇತ್ತು.

1968ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ದಿನಕ್ಕೆ 300 ಮಿಲಿಗ್ರಾಂ ಎಂಬ ಮಿತಿ ಹಾಕಿತು. ಆ ಸಂಖ್ಯೆ ಜಗತ್ತಿನ ತುಂಬ ಹರಡಿತು. 2015ರಿಂದ 2020ರ ಅವಧಿಯ ಅಮೆರಿಕದ ಆಹಾರ ಮಾರ್ಗಸೂಚಿಯಲ್ಲಿ ಅದನ್ನು ಕೈಬಿಡಲಾಯಿತು. ‘ಕೊಲೆಸ್ಟ್ರಾಲ್ ನಿರಪಾಯಕಾರಿ ಎಂದು ವಿಜ್ಞಾನಿಗಳೇ ಒಪ್ಪಿಕೊಂಡರು’ ಎಂದು ಸುದ್ದಿಯಾದದ್ದು ಆಗ. ನಿಜವಾಗಿ ಅದೇ ಮಾರ್ಗಸೂಚಿ, ಒಳ್ಳೆಯ ಊಟದ ಚೌಕಟ್ಟಿನಲ್ಲಿ ಕೊಲೆಸ್ಟ್ರಾಲ್ ಸಾಧ್ಯವಾದಷ್ಟು ಕಡಿಮೆಯಿರಲಿ ಎಂದೂ ಹೇಳಿತ್ತು. ಆ ಸಾಲನ್ನು ಓದಿದವರು ಕಡಿಮೆ.

ಸಂಖ್ಯೆ ಹೋಗಿದೆ, ಎಚ್ಚರ ಉಳಿದಿದೆ. ಈಗ ಒತ್ತು ಇರುವುದು ಸ್ಯಾಚುರೇಟೆಡ್ ಕೊಬ್ಬಿನ ಮೇಲೆ: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಟ್ಟು ಕ್ಯಾಲೊರಿಯ ಶೇ 10ರೊಳಗೆ. ದಿನಕ್ಕೆ 2,500 ಕ್ಯಾಲೊರಿ ತಿನ್ನುವವರಿಗೆ ಇದು ಸುಮಾರು 28 ಗ್ರಾಂ. ಎಲ್‌ಡಿಎಲ್ ಇಳಿಸಬೇಕಾದವರಿಗೆ ಮಿತಿ ಇನ್ನೂ ಬಿಗಿ.

ಮೊಟ್ಟೆಯ ಹಳದಿಯನ್ನು ಎಸೆಯಬೇಕೇ?

ದೊಡ್ಡ ಮೊಟ್ಟೆಯೊಂದರಲ್ಲಿ ಸುಮಾರು 186 ಮಿಲಿಗ್ರಾಂ ಕೊಲೆಸ್ಟ್ರಾಲ್ ಇದೆ, ಎಲ್ಲವೂ ಹಳದಿಯಲ್ಲೇ. ಆದರೆ ಸ್ಯಾಚುರೇಟೆಡ್ ಕೊಬ್ಬು ಒಂದೂವರೆ ಗ್ರಾಂ ಚಿಲ್ಲರೆ ಮಾತ್ರ. 2019ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೊರಡಿಸಿದ ಸಲಹೆಯ ಪ್ರಕಾರ ಆರೋಗ್ಯವಂತರು ದಿನಕ್ಕೊಂದು ಇಡೀ ಮೊಟ್ಟೆಯನ್ನು ಊಟದಲ್ಲಿ ಸೇರಿಸಿಕೊಳ್ಳಬಹುದು. ರಕ್ತದ ಕೊಲೆಸ್ಟ್ರಾಲ್ ಏರಿರುವವರು, ಮುಖ್ಯವಾಗಿ ಮಧುಮೇಹ ಇರುವವರು, ಹುಷಾರಾಗಿರಬೇಕು.

2017ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗ ಇಲ್ಲಿ ಕುತೂಹಲಕಾರಿ. ಭಾರ ಎತ್ತಿದ ಮೇಲೆ ಹತ್ತು ಯುವಕರು ಒಮ್ಮೆ ಇಡೀ ಮೊಟ್ಟೆ, ಇನ್ನೊಮ್ಮೆ ಬರೀ ಬಿಳಿ ಭಾಗ ತಿಂದರು. ಎರಡರಲ್ಲೂ ಪ್ರೋಟೀನ್ 18 ಗ್ರಾಂ. ಸ್ನಾಯು ಪ್ರೋಟೀನ್ ತಯಾರಿಕೆ ಹೆಚ್ಚು ಚುರುಕಾದದ್ದು ಇಡೀ ಮೊಟ್ಟೆ ತಿಂದಾಗ. ಕೆಲವು ಗಂಟೆಗಳ ಅಳತೆ ಅದು, ತಿಂಗಳುಗಟ್ಟಲೆ ಬೆಳೆದ ಸ್ನಾಯುವಿನ ಅಳತೆ ಅಲ್ಲ. ಆದರೂ ಹಳದಿಯನ್ನು ಕಸದ ಬುಟ್ಟಿಗೆ ಸುರಿಯುವಾಗ ವಿಟಮಿನ್‌ಗಳು, ಕೋಲೀನ್ ಎಂಬ ಪೋಷಕಾಂಶ ಮತ್ತು ಅರ್ಧದ ಹತ್ತಿರ ಪ್ರೋಟೀನ್ ಕೂಡ ಅದರ ಜೊತೆ ಹೋಗುತ್ತವೆ ಎಂಬುದು ನೆನಪಿರಲಿ. ದಿನಕ್ಕೆ ಆರು ಮೊಟ್ಟೆ ತಿನ್ನುವವರು ಒಂದೆರಡನ್ನು ಇಡಿಯಾಗಿ, ಉಳಿದವುಗಳ ಬಿಳಿಯನ್ನಷ್ಟೇ ತಿನ್ನುವುದು ನನ್ನ ಮಟ್ಟಿಗೆ ವಿವೇಕದ ದಾರಿ.

ಪೊಟ್ಟಣದ ಮೇಲೆ ‘ಲೀನ್’ ಎಂದು ಬರೆದಿದ್ದರೆ ಅದರ ಅರ್ಥವೇನು?

ಅದು ಆಯಾ ದೇಶದ ಕಾನೂನಿಗೆ ಬಿಟ್ಟದ್ದು. ಅಮೆರಿಕದ ನಿಯಮದಲ್ಲಿ 100 ಗ್ರಾಂಗೆ ಒಟ್ಟು ಕೊಬ್ಬು 10 ಗ್ರಾಂಗಿಂತ ಕಡಿಮೆ, ಸ್ಯಾಚುರೇಟೆಡ್ ಕೊಬ್ಬು ನಾಲ್ಕೂವರೆ ಗ್ರಾಂ ಅಥವಾ ಕಡಿಮೆ, ಕೊಲೆಸ್ಟ್ರಾಲ್ 95 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ‘ಲೀನ್’. ‘ಎಕ್ಸ್‌ಟ್ರಾ ಲೀನ್’ ಎನ್ನಲು ಒಟ್ಟು ಕೊಬ್ಬು 5 ಗ್ರಾಂಗಿಂತ, ಸ್ಯಾಚುರೇಟೆಡ್ ಕೊಬ್ಬು 2 ಗ್ರಾಂಗಿಂತ ಕಡಿಮೆ ಇರಬೇಕು. ಕೊಲೆಸ್ಟ್ರಾಲ್ ಮಿತಿ ಮಾತ್ರ ಎರಡಕ್ಕೂ ಒಂದೇ. ಮೊದಲ ಪ್ರಶ್ನೆಯ ಉತ್ತರವನ್ನು ಕಾನೂನೇ ಒಪ್ಪಿಕೊಂಡ ಹಾಗಾಯಿತು.

ಕೊಚ್ಚಿದ ಮಾಂಸದ ಪೊಟ್ಟಣದ ಶೇಕಡಾವಾರು ಲೆಕ್ಕ ಇನ್ನೊಂದು ಕಣ್ಕಟ್ಟು. ‘ಶೇ 90 ಲೀನ್’ ಎಂದರೆ ಕ್ಯಾಲೊರಿಯ ಶೇ 90 ಪ್ರೋಟೀನ್‌ನಿಂದ ಬರುತ್ತದೆ ಎಂದು ಹಲವರು ತಿಳಿಯುತ್ತಾರೆ. ಅದು ತೂಕದ ಲೆಕ್ಕ, ಮತ್ತು ಆ ತೂಕದಲ್ಲಿ ಬಹುಪಾಲು ನೀರು. ಅಂತಹ 100 ಗ್ರಾಂ ಹಸಿ ದನದ ಮಾಂಸದಲ್ಲಿ ಪ್ರೋಟೀನ್ ಸುಮಾರು 20 ಗ್ರಾಂ, ಅಂದರೆ 80 ಕ್ಯಾಲೊರಿ. ಕೊಬ್ಬು 10 ಗ್ರಾಂ, ಅಂದರೆ 90 ಕ್ಯಾಲೊರಿ. ಅರ್ಧಕ್ಕಿಂತ ಹೆಚ್ಚು ಕ್ಯಾಲೊರಿ ಬರುವುದು ಆ ‘ಬರೀ ಹತ್ತು ಶೇಕಡಾ’ ಕೊಬ್ಬಿನಿಂದ!

ಯಾವ ಮಾಂಸ, ಯಾವ ಭಾಗ ಆರಿಸಿಕೊಳ್ಳಬೇಕು?

ಚರ್ಮವಿಲ್ಲದ ಕೋಳಿಯ ಎದೆ ಮಾಂಸಕ್ಕೆ ಕಡಿಮೆ ಕೊಬ್ಬಿನ ಮಾಂಸಗಳಲ್ಲಿ ಮೊದಲನೆಯದೆಂಬ ಪಟ್ಟ ಸಿಕ್ಕಿರುವುದು ಸುಮ್ಮನೆ ಅಲ್ಲ. ಬೇಯಿಸಿದ 100 ಗ್ರಾಂಗೆ 31 ಗ್ರಾಂ ಪ್ರೋಟೀನ್, 1 ಗ್ರಾಂ ಆಸುಪಾಸು ಸ್ಯಾಚುರೇಟೆಡ್ ಕೊಬ್ಬು. ಆದರೆ ಅದೊಂದೇ ದಾರಿ ಎಂದು ತಿಳಿದು ವರ್ಷಗಟ್ಟಲೆ ಅದನ್ನೇ ಅಗಿಯುವವರನ್ನು ನೋಡಿದರೆ ಅಯ್ಯೋ ಎನ್ನಿಸುತ್ತದೆ. ಹಂದಿಯ ಬೆನ್ನೆಲುಬಿನ ಒಳಬದಿಯ ಮೆದು ಮಾಂಸದಲ್ಲಿ ಪ್ರೋಟೀನ್ ಸುಮಾರು 26 ಗ್ರಾಂ, ಒಟ್ಟು ಕೊಬ್ಬು ಮೂರೂವರೆ ಗ್ರಾಂ. ಎದೆ ಮಾಂಸಕ್ಕೆ ಸರಿಸಾಟಿ. ದನ, ಕುರಿ, ಆಡಿನ ವಿಷಯದಲ್ಲಿ ಹಿಂಗಾಲಿನ ಮಾಂಸ ಪಕ್ಕೆಲುಬಿನ ಭಾಗಕ್ಕಿಂತ ಒಣಕಲು, ಕೊಬ್ಬು ಕಡಿಮೆ. ಟರ್ಕಿಯ ಎದೆ, ಮೊಲದ ಮಾಂಸ ಇದೇ ಸಾಲಿಗೆ ಸೇರುತ್ತವೆ.

ಚರ್ಮವಿಲ್ಲದ ಕೋಳಿಯ ತೊಡೆಗೂ ಜಾಗ ಕೊಡಿ. ಪ್ರೋಟೀನ್ ಸುಮಾರು 25 ಗ್ರಾಂ, ಸ್ಯಾಚುರೇಟೆಡ್ ಕೊಬ್ಬು 3 ಗ್ರಾಂನ ಒಳಗೆ ಅಥವಾ ಆಸುಪಾಸು. ರುಚಿಯಲ್ಲಿ ಎದೆ ಮಾಂಸವನ್ನು ಎಲ್ಲಿಯೋ ಹಿಂದೆ ಹಾಕುತ್ತದೆ. ದಿನಕ್ಕೆ 28 ಗ್ರಾಂ ಮಿತಿಯಲ್ಲಿ 3 ಗ್ರಾಂಗೆ ಹೆದರಬೇಕಾಗಿಲ್ಲ.

ಮೀನಿನ ಲೆಕ್ಕವೇ ಬೇರೆ. ಸಾಲ್ಮನ್, ಬಂಗುಡೆ, ಬೂತಾಯಿಗಳಂತಹ ಮೀನುಗಳಲ್ಲಿ ಕೊಬ್ಬು ಹೆಚ್ಚಿದ್ದರೂ ಅದರ ಬಹುಪಾಲು ಸ್ಯಾಚುರೇಟೆಡ್ ಅಲ್ಲದ ಬಗೆಯದು, ಜೊತೆಗೆ ಒಮೆಗಾ-3 ಇದೆ. ‘ಲೀನ್’ ಅಲ್ಲ ಎಂಬ ಒಂದೇ ಕಾರಣಕ್ಕೆ ಇವನ್ನು ಬಿಡುವುದು ದಡ್ಡತನ.

ಕೆಂಪು ಮಾಂಸ ಬಿಟ್ಟು ಬಿಳಿ ಮಾಂಸಕ್ಕೆ ಬಂದರೆ ಎಲ್‌ಡಿಎಲ್ ಇಳಿಯುತ್ತದೆಯೇ?

ಇಷ್ಟರಿಂದಲೇ ಇಳಿಯುತ್ತದೆ ಎಂಬ ಭರವಸೆ ಇಲ್ಲ. 2019ರಲ್ಲಿ ಪ್ರಕಟವಾದ ಒಂದು ನಿಯಂತ್ರಿತ ಪ್ರಯೋಗದಲ್ಲಿ ಕೆಂಪು ಮಾಂಸ, ಬಿಳಿ ಮಾಂಸ, ಮಾಂಸೇತರ ಪ್ರೋಟೀನ್ ಮೂರನ್ನೂ ಹೋಲಿಸಿ ನೋಡಿದರು. ಸ್ಯಾಚುರೇಟೆಡ್ ಕೊಬ್ಬನ್ನು ಸಮನಾಗಿ ಇಟ್ಟಾಗ ಕೆಂಪು, ಬಿಳಿ ಎರಡರಲ್ಲೂ ಎಲ್‌ಡಿಎಲ್ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ಕಡಿಮೆ ಇದ್ದದ್ದು ಕಾಳು, ಬೀಜಗಳಂತಹ ಮೂಲಗಳಿಂದ ಪ್ರೋಟೀನ್ ತಿಂದಾಗ.

ಇನ್ನೊಂದು ಕಡೆ, 2012ರ ಒಂದು ಪ್ರಯೋಗದಲ್ಲಿ ಹಣ್ಣು, ತರಕಾರಿ, ಇಡಿ ಧಾನ್ಯ ತುಂಬಿದ ಊಟದ ಜೊತೆ ಕೊಬ್ಬು ತೆಗೆದ ದನದ ಮಾಂಸವನ್ನು ದಿನವೂ ತಿಂದವರಲ್ಲಿ ಎಲ್‌ಡಿಎಲ್ ಇಳಿಯಿತು. ಸ್ಯಾಚುರೇಟೆಡ್ ಕೊಬ್ಬನ್ನು ಅಲ್ಲಿ ಬಹಳ ಕಡಿಮೆ ಇಟ್ಟಿದ್ದರು.

ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ನನಗೆ ತೋರುವುದಿಷ್ಟು: ಮಾಂಸದ ಬಣ್ಣಕ್ಕಿಂತ ಅದರ ಕೊಬ್ಬು, ಮತ್ತು ತಟ್ಟೆಯಲ್ಲಿ ಅದರ ಪಕ್ಕ ಕುಳಿತಿರುವುದೇನು ಎಂಬುದು ಹೆಚ್ಚು ಮುಖ್ಯ. ಕೆಂಪು ಮಾಂಸವನ್ನು ಮಿತಿಯಲ್ಲಿಡಲು ಬೇರೆ ಕಾರಣಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಅದನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ವರ್ಗಕ್ಕೆ ಸೇರಿಸಿದೆ. ಅದೇ ವೇಳೆ, ಕಬ್ಬಿಣದ ಅಂಶ ಕಡಿಮೆಯಾಗುವ ದೂರದ ಓಟಗಾರ್ತಿಯರಿಗೆ ವಾರಕ್ಕೊಂದೆರಡು ಬಾರಿಯ ಕೆಂಪು ಮಾಂಸ ಒಳ್ಳೆಯ ಆಸರೆ. ಅದರಲ್ಲಿನ ಕಬ್ಬಿಣವನ್ನು ದೇಹ ಸಸ್ಯಮೂಲದ ಕಬ್ಬಿಣಕ್ಕಿಂತ ಸುಲಭವಾಗಿ ಹೀರಿಕೊಳ್ಳುತ್ತದೆ.

ಕೊಬ್ಬು ಕಡಿಮೆ ಇರುವ ಸಾಸೇಜ್, ಹ್ಯಾಮ್ ತಿನ್ನಬಹುದೇ?

ಕೊಬ್ಬು ಕಡಿಮೆ ಎಂಬ ಚೀಟಿ ನೋಡಿ ಮೋಸಹೋಗಬೇಡಿ. ಉಪ್ಪು, ನೈಟ್ರೈಟ್ ಹಾಕಿ ಸಂಸ್ಕರಿಸಿದ ಮಾಂಸವನ್ನು ಅದೇ ಸಂಸ್ಥೆ ‘ಕ್ಯಾನ್ಸರ್‌ಕಾರಕ’ ಎಂದೇ ವರ್ಗೀಕರಿಸಿದೆ. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್‌ನ ಅಪಾಯ ಸುಮಾರು ಶೇ 18ರಷ್ಟು ಏರುತ್ತದೆ ಎಂಬುದು ಅದರ ಅಂದಾಜು. ಅಪರೂಪಕ್ಕೊಮ್ಮೆ ತಿಂದರೆ ಆಕಾಶ ಕಳಚಿ ಬೀಳುವುದಿಲ್ಲ. ದಿನನಿತ್ಯದ ಪ್ರೋಟೀನ್ ಮೂಲವಾಗಿ ಬೇಡ.

ಸಿಗಡಿ, ಲಿವರ್‌ಗಳಲ್ಲಿ ಕೊಲೆಸ್ಟ್ರಾಲ್ ಬಹಳ ಎನ್ನುತ್ತಾರೆ. ಬಿಡಬೇಕೇ?

ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಬೇಯಿಸಿದ 100 ಗ್ರಾಂ ಸಿಗಡಿಯಲ್ಲಿ ಸುಮಾರು 190 ಮಿಲಿಗ್ರಾಂ ಕೊಲೆಸ್ಟ್ರಾಲ್ ಇದ್ದರೂ ಸ್ಯಾಚುರೇಟೆಡ್ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ, ಪ್ರೋಟೀನ್ 24 ಗ್ರಾಂ. ಬೆಣ್ಣೆಯಲ್ಲಿ ಮುಳುಗಿಸದಿದ್ದರೆ ಅದು ಒಳ್ಳೆಯ ಆಹಾರ. ಕೋಳಿಯ ಲಿವರ್‌ನಲ್ಲಿ ಕೊಲೆಸ್ಟ್ರಾಲ್ 550 ಮಿಲಿಗ್ರಾಂ ದಾಟುತ್ತದೆ. ಕಬ್ಬಿಣ, ಬಿ12 ವಿಪುಲವಾಗಿರುವುದರಿಂದ ಆಗೊಮ್ಮೆ ಈಗೊಮ್ಮೆ ತಿನ್ನಬಹುದು. ವಿಟಮಿನ್ ಎ ಅತಿಯಾಗಿರುವುದರಿಂದ ಗರ್ಭಿಣಿಯರು ತಿನ್ನಬಾರದು. ಮಿದುಳು ಎಲ್ಲವನ್ನೂ ಮೀರಿಸುತ್ತದೆ: ಗ್ರಾಂಗಳಲ್ಲೇ ಲೆಕ್ಕ ಹಾಕಬೇಕಾದಷ್ಟು ಕೊಲೆಸ್ಟ್ರಾಲ್.

‘ಕೊಲೆಸ್ಟ್ರಾಲ್ ಇಲ್ಲ’ ಎಂದು ಬರೆದಿರುವ ಎಣ್ಣೆಯಲ್ಲಿ ಬೇಯಿಸಿದರೆ ಸಾಕೇ?

ಯಾವ ಸಸ್ಯದ ಎಣ್ಣೆಯಲ್ಲೂ ಗಣನೆಗೆ ಬರುವಷ್ಟು ಕೊಲೆಸ್ಟ್ರಾಲ್ ಇಲ್ಲ. ಹಾಗೆ ಬರೆಯುವುದು ನೀರಿನ ಬಾಟಲಿಯ ಮೇಲೆ ‘ಮೂಳೆ ಇಲ್ಲ’ ಎಂದು ಬರೆದಂತೆ. ತೆಂಗಿನೆಣ್ಣೆಯ ಕೊಬ್ಬಿನಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಸ್ಯಾಚುರೇಟೆಡ್, ತಾಳೆ ಎಣ್ಣೆಯಲ್ಲಿ ಸುಮಾರು ಅರ್ಧ. ನೋಡಬೇಕಾದ ಸಾಲು ಅದು.

ಇಷ್ಟೊಂದು ವ್ಯಾಯಾಮ ಮಾಡುತ್ತೇನೆ, ಕೊಲೆಸ್ಟ್ರಾಲ್ ಕರಗಿಹೋಗುವುದಿಲ್ಲವೇ?

ಕೊಲೆಸ್ಟ್ರಾಲ್ ಇಂಧನವಲ್ಲ. ದೇಹ ಅದನ್ನು ಸುಟ್ಟು ಶಕ್ತಿ ಪಡೆಯಲಾರದು. ಹೊರಹಾಕಬೇಕಾದರೆ ಪಿತ್ತರಸದ ಮೂಲಕವೇ ಹೋಗಬೇಕು. ಸ್ನಾಯು ಉರಿಸುವುದು ಟ್ರೈಗ್ಲಿಸರೈಡ್ ಅನ್ನು, ಅಂದರೆ ಇಂಧನವಾಗಿ ರಕ್ತದಲ್ಲಿ ಸಾಗುವ ಕೊಬ್ಬನ್ನು. ಆದ್ದರಿಂದ ವ್ಯಾಯಾಮದ ಫಲ ಮೊದಲು ಕಾಣುವುದು ಅಲ್ಲಿ: ಒಂದು ದೀರ್ಘ ಓಟದ ನಂತರ ಮರುದಿನದವರೆಗೂ ಟ್ರೈಗ್ಲಿಸರೈಡ್ ತಗ್ಗಿರುತ್ತದೆ. ಎಚ್‌ಡಿಎಲ್ ಸ್ವಲ್ಪ ಏರುತ್ತದೆ. ಎಲ್‌ಡಿಎಲ್ ಮೇಲಿನ ಪರಿಣಾಮ ಸಣ್ಣದು, ತೂಕ ಇಳಿಯದಿದ್ದರೆ ಇನ್ನೂ ಸಣ್ಣದು.

ಹಾಗೆಂದು ವ್ಯಾಯಾಮ ವ್ಯರ್ಥವಲ್ಲ. ರಕ್ತದೊತ್ತಡ, ಇನ್ಸುಲಿನ್ ಸ್ಪಂದನೆ, ಹೃದಯದ ಸಾಮರ್ಥ್ಯ ಇವೆಲ್ಲ ಸುಧಾರಿಸುತ್ತವೆ. ಆದರೆ ಹತ್ತು ಕಿಲೋಮೀಟರ್ ಓಡಿದ್ದೇನೆ, ಈಗ ಏನನ್ನು ತಿಂದರೂ ನಡೆಯುತ್ತದೆ ಎನ್ನುವ ಲೆಕ್ಕ ಎಲ್‌ಡಿಎಲ್‌ಗೆ ಅರ್ಥವಾಗುವುದಿಲ್ಲ.

ನಾನು ತೆಳ್ಳಗಿದ್ದೇನೆ, ಗಟ್ಟಿಮುಟ್ಟಾಗಿದ್ದೇನೆ. ಆದರೂ ಎಲ್‌ಡಿಎಲ್ ಹೆಚ್ಚು ಬಂದಿದೆ. ಯಾಕೆ?

ಹಲವು ಕಾರಣಗಳಿರಬಹುದು. ಮೊದಲನೆಯದು ವಂಶವಾಹಿ. ಕುಟುಂಬದಲ್ಲಿ ಹರಿದುಬರುವ ಅಧಿಕ ಕೊಲೆಸ್ಟ್ರಾಲ್ ತೊಂದರೆ ಸುಮಾರು 250 ಜನರಲ್ಲಿ ಒಬ್ಬರಿಗೆ ಇದೆ, ಹೆಚ್ಚಿನವರಿಗೆ ಅದು ಗೊತ್ತೇ ಇರುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿದ್ದರೆ ವೈದ್ಯರಿಗೆ ಮರೆಯದೆ ಹೇಳಿ.

ಎರಡನೆಯದು ಆಹಾರಕ್ರಮ. ಹಿಟ್ಟಿನ ಪದಾರ್ಥ, ಸಕ್ಕರೆಗಳನ್ನು ಪೂರ್ತಿ ಬಿಟ್ಟು ಕೊಬ್ಬಿನ ಮೇಲೆಯೇ ನಡೆಯುವ ಕೀಟೋ ಊಟ ಮಾಡುವ ತೆಳ್ಳನೆಯ ಕ್ರೀಡಾಪಟುಗಳಲ್ಲಿ ಕೆಲವರಿಗೆ ಎಲ್‌ಡಿಎಲ್ ಡೆಸಿಲೀಟರ್‌ಗೆ 200 ಮಿಲಿಗ್ರಾಂ ಅನ್ನೂ ದಾಟುತ್ತದೆ. ಎಚ್‌ಡಿಎಲ್ ಚೆನ್ನಾಗಿದೆ, ಟ್ರೈಗ್ಲಿಸರೈಡ್ ಕಡಿಮೆಯಿದೆ, ಹಾಗಾಗಿ ಎಲ್‌ಡಿಎಲ್ ಎಷ್ಟಿದ್ದರೇನು ಎಂಬ ಸಮಾಧಾನ ಆ ವಲಯದಲ್ಲಿ ಓಡಾಡುತ್ತಿದೆ. ನಾನು ಆ ಸಮಾಧಾನವನ್ನು ನಂಬುವುದಿಲ್ಲ. ರಕ್ತನಾಳದ ಗೋಡೆಗೆ ನಿಮ್ಮ ಹೊಟ್ಟೆಯ ಸ್ನಾಯುಗಳು ಕಾಣಿಸುವುದಿಲ್ಲ. ಅಂತಹವರಲ್ಲಿ ಕಾರ್ಬೊಹೈಡ್ರೇಟ್ ಅನ್ನು ಸ್ವಲ್ಪ ಮರಳಿ ಸೇರಿಸಿದರೇ ಎಷ್ಟೋ ಬಾರಿ ಎಲ್‌ಡಿಎಲ್ ಇಳಿಯುತ್ತದೆ.

ಮೂರನೆಯದನ್ನು ಜಿಮ್‌ಗಳಲ್ಲಿ ಪಿಸುಮಾತಿನಲ್ಲಿ ಆಡುತ್ತಾರೆ: ಅನಬಾಲಿಕ್ ಸ್ಟೀರಾಯ್ಡ್. ಅದರಲ್ಲೂ ಮಾತ್ರೆ ರೂಪದವು ಎಚ್‌ಡಿಎಲ್ ಅನ್ನು ಪಾತಾಳಕ್ಕೆ ತಳ್ಳಿ ಎಲ್‌ಡಿಎಲ್ ಏರಿಸುತ್ತವೆ. ಇದಕ್ಕೆ ಕೋಳಿಯ ಎದೆ ಮಾಂಸದಲ್ಲಿ ಪರಿಹಾರವಿಲ್ಲ. ಥೈರಾಯ್ಡ್ ಮಂದವಾಗಿದ್ದರೂ ಎಲ್‌ಡಿಎಲ್ ಏರುತ್ತದೆ, ಅದನ್ನೂ ನೋಡಿಸಬೇಕು.

ಹೆಚ್ಚು ಕೊಲೆಸ್ಟ್ರಾಲ್ ತಿಂದರೆ ಟೆಸ್ಟೋಸ್ಟೆರಾನ್ ಹೆಚ್ಚುತ್ತದೆ ಎನ್ನುತ್ತಾರಲ್ಲ?

ಟೆಸ್ಟೋಸ್ಟೆರಾನ್ ತಯಾರಾಗುವುದು ಕೊಲೆಸ್ಟ್ರಾಲ್‌ನಿಂದ ಎಂಬುದು ನಿಜ. ಆದರೆ ಕಾರ್ಖಾನೆಯ ಅಂಗಳದಲ್ಲಿ ಇಟ್ಟಿಗೆ ರಾಶಿ ಹಾಕಿದರೆ ಮನೆ ತಾನಾಗಿ ಏಳುವುದಿಲ್ಲ; ಎಷ್ಟು ತಯಾರಿಸಬೇಕೆಂದು ಆಜ್ಞೆ ಕೊಡುವುದು ಮಿದುಳಿನಿಂದ ಹೊರಡುವ ಹಾರ್ಮೋನು. ಕೊಬ್ಬನ್ನು ಅತಿಯಾಗಿ ಕಡಿತಗೊಳಿಸಿದರೆ ಗಂಡಸರಲ್ಲಿ ಟೆಸ್ಟೋಸ್ಟೆರಾನ್ ಸ್ವಲ್ಪ ತಗ್ಗಬಹುದು. ನಿದ್ದೆಗೆಟ್ಟರೆ, ಹೊಟ್ಟೆಗೆ ಸಾಲದಷ್ಟು ತಿಂದರೂ ತಗ್ಗುತ್ತದೆ. ಮೊದಲು ಅವನ್ನು ಸರಿಪಡಿಸಿಕೊಳ್ಳಿ.

ದಿನಕ್ಕೆ ಎಷ್ಟು ಪ್ರೋಟೀನ್ ಬೇಕು? ಎಲ್ಲವೂ ಮಾಂಸದಿಂದಲೇ ಬರಬೇಕೇ?

ಭಾರ ಎತ್ತುವವರಿಗೆ ದೇಹತೂಕದ ಪ್ರತಿ ಕಿಲೋಗೆ 1.6 ಗ್ರಾಂ ಆಸುಪಾಸು ಸಾಕು. ಅದರಾಚೆ ಸ್ನಾಯು ಬೆಳವಣಿಗೆಯ ಲಾಭ ಸರಾಸರಿಯಲ್ಲಿ ಸಪಾಟಾಗುತ್ತದೆ. 70 ಕಿಲೋ ತೂಗುವವರಿಗೆ 112 ಗ್ರಾಂ. ಬೇಯಿಸಿದ 150 ಗ್ರಾಂ ಎದೆ ಮಾಂಸದಿಂದ 46 ಗ್ರಾಂ ಬಂದರೆ, ಉಳಿದದ್ದು ಕಾಳು, ಹಾಲು, ಮೊಸರು, ಮೊಟ್ಟೆ, ಮೀನು, ಸೋಯಾಗಳಿಂದ ಸುಲಭವಾಗಿ ಬರುತ್ತದೆ. ಮೂರೂ ಹೊತ್ತು ಮಾಂಸ ತಿನ್ನುವ ಅಗತ್ಯವಿಲ್ಲ.

ಕಾಳುಗಳನ್ನು ಬರೀ ‘ಅರೆಬರೆ ಪ್ರೋಟೀನ್’ ಎಂದು ತಳ್ಳಿಹಾಕುವ ಚಾಳಿ ಇದೆ. ಮಾಂಸದಲ್ಲಿ ಒಂದು ಗ್ರಾಂ ಕೂಡ ಇಲ್ಲದ ನಾರು ಅವುಗಳಲ್ಲಿದೆ. ಓಟ್ಸ್, ಬಾರ್ಲಿ, ಕಾಳುಗಳಲ್ಲಿನ ಕರಗುವ ನಾರು ಕರುಳಿನಲ್ಲಿ ಪಿತ್ತಾಮ್ಲವನ್ನು ಹಿಡಿದು ಹೊರಗೆ ಒಯ್ಯುತ್ತದೆ. ಹೊಸ ಪಿತ್ತಾಮ್ಲ ತಯಾರಿಸಲು ಯಕೃತ್ತು ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳಬೇಕಾಗುತ್ತದೆ. ಎದೆ ಮಾಂಸದ ಚರ್ಮ ತೆಗೆಯುವಷ್ಟೇ ಶ್ರದ್ಧೆಯಿಂದ ಪಕ್ಕದಲ್ಲಿ ಒಂದು ಬಟ್ಟಲು ಕಾಳು ಇಟ್ಟುಕೊಂಡರೆ ಎಲ್‌ಡಿಎಲ್‌ಗೆ ಎರಡು ಕಡೆಯಿಂದ ಪೆಟ್ಟು.

ಕೊಬ್ಬಿಲ್ಲದ ಮಾಂಸವನ್ನಷ್ಟೇ ತಿಂದು ಬದುಕಬಹುದೇ?

ಸಾಧ್ಯವಿಲ್ಲ. ಇಲ್ಲಿ ಮತ್ತೆ ಮೊಲ ಬರುತ್ತದೆ! ಚಳಿನಾಡುಗಳಲ್ಲಿ ಬೇರೇನೂ ಸಿಗದೆ ಬಡಕಲು ಮೊಲದ ಮಾಂಸವನ್ನಷ್ಟೇ ತಿಂದವರು ಹೊಟ್ಟೆ ತುಂಬಿದ್ದರೂ ಭೇದಿ, ತಲೆನೋವು, ನಿಶ್ಶಕ್ತಿಯಿಂದ ಕುಸಿಯುತ್ತಿದ್ದರು. ಅದಕ್ಕೆ ‘ಮೊಲದ ಹಸಿವು’ ಎಂದೇ ಹೆಸರು ಬಿತ್ತು. ಪ್ರೋಟೀನ್‌ನ ಸಾರಜನಕವನ್ನು ಯೂರಿಯಾ ಮಾಡಿ ಹೊರಹಾಕುವ ಯಕೃತ್ತಿನ ಶಕ್ತಿಗೆ ಮಿತಿಯಿದೆ. ಒಟ್ಟು ಕ್ಯಾಲೊರಿಯಲ್ಲಿ ಪ್ರೋಟೀನ್‌ನ ಪಾಲು ಶೇ 35 ದಾಟದಿರಲಿ.

ರಕ್ತ ಪರೀಕ್ಷೆಯ ಹಿಂದಿನ ದಿನ ವ್ಯಾಯಾಮ ಮಾಡಬಹುದೇ?

ಹಗುರವಾದ ನಡಿಗೆಗೆ ಅಡ್ಡಿಯಿಲ್ಲ. ಭಾರಿ ಕಸರತ್ತನ್ನು ಒಂದೆರಡು ದಿನ ಮುಂಚೆಯೇ ನಿಲ್ಲಿಸಿ. ಟ್ರೈಗ್ಲಿಸರೈಡ್ ತಾತ್ಕಾಲಿಕವಾಗಿ ಇಳಿದಿರುತ್ತದೆ. ಮೇಲಾಗಿ ದಣಿದ ಸ್ನಾಯುಗಳಿಂದ ಸೋರುವ ಎಎಸ್‌ಟಿ, ಎಎಲ್‌ಟಿ ಕಿಣ್ವಗಳು ವರದಿಯಲ್ಲಿ ಏರಿಕೆಯಾಗಿ ಕಂಡು, ಯಕೃತ್ತಿಗೇ ಏನೋ ಆಗಿದೆ ಎಂಬ ಗಾಬರಿ ಹುಟ್ಟಿಸುತ್ತವೆ. ಸಾಧ್ಯವಿದ್ದರೆ ಅಪೊಬಿ ಪರೀಕ್ಷೆಯನ್ನೂ ಸೇರಿಸಿ. ಅದು ರಕ್ತನಾಳಕ್ಕೆ ತೊಂದರೆ ಕೊಡುವ ಕಣಗಳ ಸಂಖ್ಯೆಯನ್ನೇ ಸೂಚಿಸುತ್ತದೆ.

ಮಾಂಸವನ್ನು ತೂಗಬೇಕಾದದ್ದು ಹಸಿಯಾಗಿದ್ದಾಗಲೋ ಬೆಂದ ಮೇಲೋ?

ಯಾವುದಾದರೂ ಸರಿ, ಕೋಷ್ಟಕವೂ ಅದರದ್ದೇ ಆಗಿರಬೇಕು. ಬೇಯುವಾಗ ನೀರು ಹೋಗಿ 100 ಗ್ರಾಂ ಹಸಿ ಎದೆ ಮಾಂಸ 75 ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಹಸಿಯದ್ದರಲ್ಲಿ ಪ್ರೋಟೀನ್ 22 ಗ್ರಾಂ ಎಂದೂ ಬೆಂದದ್ದರಲ್ಲಿ 31 ಎಂದೂ ಕಾಣುವುದು ಇದರಿಂದಲೇ. ಹಸಿಯಾಗಿ ತೂಗಿ ಬೆಂದದ್ದರ ಅಂಕಿ ಬರೆದುಕೊಂಡರೆ ದಿನವೂ ಇಲ್ಲದ ಪ್ರೋಟೀನ್ ಅನ್ನು ಎಣಿಸುತ್ತಿರುತ್ತೀರಿ.

ಎದೆ ಮಾಂಸ ಒಣಗಿ ಹತ್ತಿಯಂತಾಗುತ್ತದೆ, ನುಂಗಲಾಗುವುದಿಲ್ಲ. ಏನು ಮಾಡಲಿ?

ತಪ್ಪು ಮಾಂಸದ್ದಲ್ಲ, ಉರಿಯದ್ದು. ಕೊಬ್ಬು ಇಲ್ಲದ ಮಾಂಸ ಒಂದೆರಡು ನಿಮಿಷದ ಅತಿ ಬೇಯುವಿಕೆಯನ್ನೂ ಕ್ಷಮಿಸುವುದಿಲ್ಲ. ದಪ್ಪ ತುದಿಯನ್ನು ತಟ್ಟಿ ಎಲ್ಲೆಡೆ ಒಂದೇ ದಪ್ಪ ಮಾಡಿಕೊಳ್ಳಿ. ಅರ್ಧ ಗಂಟೆ ಉಪ್ಪುನೀರಿನಲ್ಲಿ ನೆನೆಸಿ, ತೇವ ಒರೆಸಿ, ಮಧ್ಯಮ ಉರಿಯಲ್ಲಿ ಬೇಯಿಸಿ. ಉಷ್ಣಮಾಪಕದ ಕಡ್ಡಿ ಇದ್ದರೆ ಮಾಂಸದ ನಡುಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದೊಡನೆ ಒಲೆಯಿಂದ ಇಳಿಸಿ, ಐದು ನಿಮಿಷ ಮುಟ್ಟದೆ ಬಿಟ್ಟು, ಎಳೆಗಳಿಗೆ ಅಡ್ಡವಾಗಿ ಕತ್ತರಿಸಿ. ಮೇಲ್ಮೈ ಕಪ್ಪಾಗಿ ಸುಡುವಷ್ಟು ಉರಿ ಬೇಡ. ಸುಟ್ಟ ಭಾಗದಲ್ಲಿ ಬೇಡದ ರಾಸಾಯನಿಕಗಳು ಹುಟ್ಟುತ್ತವೆ. ಇಷ್ಟಾದರೂ ಸೇರದಿದ್ದರೆ ತೊಡೆ ಮಾಂಸ ತನ್ನಿ.